ಹಾಡಿನ ಹಿರಿಮೆಗೆ ಅಳತೆಗೋಲು ಯಾವುದು? ಶರಾವತಿ ಸೀಮೆಯ ಮೂರು ಗೀತೆಗಳ ಆಯ್ಕೆಯ ಚರಿತ್ರೆ

ಕಳೆದ ದಶಕಗಳ ಜನಪ್ರಿಯ ಗೀತೆಗಳಲ್ಲಿ ಅತ್ಯುತ್ತಮವಾದುದು ಯಾವುದು ಎಂಬ ಚರ್ಚೆ ಸಾಮಾನ್ಯವಾಗಿ ರುಚಿಭೇದದ ಮಾತಿನಲ್ಲಿ ಮುಗಿದುಹೋಗುತ್ತದೆ. ಒಬ್ಬನಿಗೆ ಸಾಹಿತ್ಯ ಮುಖ್ಯ, ಇನ್ನೊಬ್ಬನಿಗೆ ಧಾಟಿ, ಮತ್ತೊಬ್ಬನಿಗೆ ಕಂಠ. ಮತ ಎಣಿಸಿದರೆ ಜಗಳ ತೀರುತ್ತದೆಂದು ನಂಬಿದವರೂ ಇದ್ದಾರೆ. ಆದರೆ ಮತ ಎಣಿಸುವುದಕ್ಕೆ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಆಯ್ಕೆ ಮಾಡಿದವರು ಯಾರು, ಅವರು ಹಾಡಿನ ಯಾವ ಅಂಗವನ್ನು ಅಳೆದರು? ಸಾಹಿತ್ಯಚರಿತ್ರೆಯನ್ನು ಬರೆಯುವವರು ಈ ಪ್ರಶ್ನೆಯನ್ನು ಬಿಟ್ಟುಬಿಟ್ಟರೆ ಗೆದ್ದ ಗೀತೆಗಳ ಪಟ್ಟಿಯನ್ನೇ ಕಾವ್ಯದ ಚರಿತ್ರೆಯೆಂದು ಭ್ರಮಿಸುವ ಅಪಾಯವಿದೆ.

ಈ ಪ್ರಶ್ನೆಯನ್ನು ಪರೀಕ್ಷಿಸಲು ಮಲೆನಾಡಿನ ಮೂರು ತಾಲ್ಲೂಕುಗಳು ತಕ್ಕ ನೆಲವಾಗಿವೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿಯು ಹೊಸನಗರ ಸೀಮೆಯನ್ನು ಹಾಯ್ದು, ಸಾಗರ ತಾಲ್ಲೂಕಿನ ಜೋಗದಲ್ಲಿ 253 ಮೀಟರ್ ಆಳಕ್ಕೆ ಧುಮುಕುತ್ತದೆ. ಈ ಮೂರೂ ತಾಲ್ಲೂಕುಗಳಿಗೆ ಸಂಬಂಧಿಸಿದ ಒಂದೊಂದು ಗೀತೆ ಕಳೆದ ಅರ್ಧ ಶತಮಾನದಲ್ಲಿ ಶ್ರೇಷ್ಠವೆಂಬ ಮನ್ನಣೆಯನ್ನು ಪಡೆದಿದೆ. ಸಾಗರದ ಜೋಗವನ್ನು ನೆನೆಯುವ ‘ನಿತ್ಯೋತ್ಸವ’ವನ್ನು ಕೇಳುಗರು ಆರಿಸಿದರು. ಹೊಸನಗರದ ನೆಲದಲ್ಲಿ ಹುಟ್ಟಿದ ಗಾಯಕನ ‘ಕಾಡುಕುದುರೆ’ಯನ್ನು ತಜ್ಞರು ಆರಿಸಿದರು. ತೀರ್ಥಹಳ್ಳಿಯ ಕುಪ್ಪಳಿಯ ಕವಿಯ ‘ಜಯ ಹೇ ಕರ್ನಾಟಕ ಮಾತೆ’ಯನ್ನು ಸರ್ಕಾರ ಆರಿಸಿತು. ಆಯ್ಕೆಯ ಮೂರು ಬಗೆಗಳೂ ಬೇರೆ ಬೇರೆ. ಪ್ರತಿಯೊಂದು ಬಗೆಯೂ ಹಾಡಿನ ಒಂದೊಂದು ಅಂಗವನ್ನು ಮಾತ್ರ ಎತ್ತಿ ಹಿಡಿದಿದೆ.

ತೀರ್ಪಿನ ಹಳೆಯ ಪರಂಪರೆ

ಹಾಡನ್ನು ತೂಗಿ ನೋಡುವ ವಾಡಿಕೆ ಕನ್ನಡಕ್ಕೆ ರೇಡಿಯೋ ತಂದುಕೊಟ್ಟ ಹೊಸ ಪದ್ಧತಿಯಲ್ಲ. ಕ್ರಿ.ಶ. 850ರ ಸುಮಾರಿನ ‘ಕವಿರಾಜಮಾರ್ಗ’ವು ಕನ್ನಡ ನಾಡಿನ ಜನ ವಿಧಿವತ್ತಾಗಿ ಓದದಿದ್ದರೂ ಕಾವ್ಯಪ್ರಯೋಗದಲ್ಲಿ ನುರಿತ ಬುದ್ಧಿಯುಳ್ಳವರೆಂದು ಹೇಳುತ್ತದೆ. ಇದನ್ನು ನಾಡಿನ ಹೊಗಳಿಕೆಯೆಂದಷ್ಟೇ ಓದುವುದು ರೂಢಿಯಾಗಿದೆ. ಆದರೆ ಕಾವ್ಯದ ಗುಣದೋಷಗಳನ್ನು ಗುರುತಿಸುವ ಅಧಿಕಾರ ಶಾಸ್ತ್ರಜ್ಞರಿಗೆ ಮಾತ್ರ ಸೇರಿದ್ದಲ್ಲ ಎಂಬ ಒಪ್ಪಿಗೆಯೂ ಅದರಲ್ಲಿದೆ. ಅದೇ ಗ್ರಂಥ ಚತ್ತಾಣ, ಬೆದಂಡೆಗಳೆಂಬ ದೇಸಿ ಕಾವ್ಯರೂಪಗಳನ್ನು ಹೆಸರಿಸುತ್ತದೆ. ಮುಂದೆ ಇಮ್ಮಡಿ ನಾಗವರ್ಮನ ‘ಕಾವ್ಯಾವಲೋಕನ’ವು ಮೆಲ್ವಾಡು, ಪಾಡುಗಬ್ಬ, ಬಾಜನೆಗಬ್ಬಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಹಾಡುವ ಕಾವ್ಯಕ್ಕೆ ಶಾಸ್ತ್ರದ ಪಂಕ್ತಿಯಲ್ಲಿ ಹೀಗೆ ಮೊದಲಿನಿಂದಲೂ ಎಡೆಯಿತ್ತು.

ಜನರ ಒಲವಿಗೂ ಪೀಠದ ಒಪ್ಪಿಗೆಗೂ ನಡುವೆ ಘರ್ಷಣೆ ಉಂಟಾದಾಗ ಏನಾಗುತ್ತದೆ ಎಂಬುದಕ್ಕೆ 16ನೆಯ ಶತಮಾನದ ರತ್ನಾಕರವರ್ಣಿಯ ಪ್ರಸಂಗ ನಿದರ್ಶನವಾಗಿದೆ. ಮೂಡುಬಿದಿರೆಯ ಈ ಕವಿ ‘ಭರತೇಶ ವೈಭವ’ವನ್ನು ಸುಮಾರು 10,000 ಸಾಂಗತ್ಯಗಳಲ್ಲಿ ರಚಿಸಿದನು. ಸಾಂಗತ್ಯವು ಹಾಡುವುದಕ್ಕೆಂದೇ ಒದಗಿದ ಮಟ್ಟು. ಕಾವ್ಯವನ್ನು ಆನೆಯ ಮೇಲೆ ಮೆರವಣಿಗೆ ಮಾಡಿಸಬೇಕೆಂದು ಕವಿ ಬಯಸಿದನೆಂದೂ, ಅದರ ಎರಡು ಮೂರು ಪದ್ಯಗಳು ಶಾಸ್ತ್ರಕ್ಕೆ ವಿರುದ್ಧವೆಂಬ ಕಾರಣದಿಂದ ಭಟ್ಟಾರಕರು ಅದಕ್ಕೆ ಸಮ್ಮತಿಸಲಿಲ್ಲವೆಂದೂ ದೇವಚಂದ್ರನ ‘ರಾಜಾವಳೀಕಥೆ’ಯ ಐತಿಹ್ಯ ತಿಳಿಸುತ್ತದೆ. ಇದು ಇತಿಹಾಸದ ಘಟನೆಯೋ ನಂತರ ಹುಟ್ಟಿದ ಕಥೆಯೋ ಎಂಬ ಚರ್ಚೆ ಬೇರೆ. ಮೆರವಣಿಗೆ ದೊರೆಯದ ಕಾವ್ಯವನ್ನು ಜೈನ ಮನೆಗಳು ತಲೆಮಾರುಗಳ ಕಾಲ ಹಾಡಿಕೊಂಡು ಬಂದುವೆಂಬುದಂತೂ ನಿಜ. ಪೀಠವು ಅಳೆದದ್ದು ಮತತತ್ತ್ವವನ್ನು. ಮನೆಗಳು ಅಳೆದದ್ದು ಹಾಡಿಗೆ ಒಗ್ಗುವ ಗುಣವನ್ನು. ಎರಡೂ ತೀರ್ಪುಗಳೇ ಸರಿ, ಆದರೆ ಒಂದೇ ವಸ್ತುವಿನ ಮೇಲೆ ಕೊಟ್ಟವಲ್ಲ.

ಮಲೆನಾಡಿನಲ್ಲಿ ತೀರ್ಪು ಕೊಡುವ ಇನ್ನೊಂದು ಸಭೆ ಇತ್ತು, ಈಗಲೂ ಅಲ್ಲಲ್ಲಿ ಉಳಿದಿದೆ. ದೀಪಾವಳಿಯ ರಾತ್ರಿಗಳಲ್ಲಿ ಅಂಟಿಗೆ-ಪಂಟಿಗೆಯ ತಂಡಗಳು ಆರದ ದೀಪವನ್ನು ಹಿಡಿದು ಮನೆಯಿಂದ ಮನೆಗೆ ನಡೆಯುತ್ತವೆ. ಮುಚ್ಚಿದ ಬಾಗಿಲ ಮುಂದೆ ನಿಂತು ಬಾಗಿಲು ತೆಗೆಯುವ ಪದ ಹಾಡುತ್ತಾರೆ. ಮನೆಯವರು ಬಾಗಿಲು ತೆರೆದು ದೀಪಕ್ಕೆ ಎಣ್ಣೆಯೆರೆದು, ತಮ್ಮ ಮನೆಯ ದೀಪವನ್ನು ಅದರಿಂದ ಹಚ್ಚಿಕೊಳ್ಳುತ್ತಾರೆ. ದಾರಿಯಲ್ಲಿ ಎರಡು ತಂಡಗಳು ಎದುರಾದಲ್ಲಿ ಪದಕ್ಕೆ ಪದವೊಡ್ಡುವ ಸ್ಪರ್ಧೆಯೂ ಏರ್ಪಡುವುದುಂಟು. ಇಲ್ಲಿ ಸೋಲು ಗೆಲುವುಗಳು ಆ ರಾತ್ರಿಗಷ್ಟೇ ಸಲ್ಲುತ್ತವೆ. ಯಾವ ಪದವೂ ಶಾಶ್ವತವಾಗಿ ಮೊದಲನೆಯದಾಗುವುದಿಲ್ಲ. ಆಧುನಿಕ ಆಯ್ಕೆಗಳು ಬದಲಿಸಿದ್ದು ಮುಖ್ಯವಾಗಿ ಇದನ್ನೇ. ಒಂದು ರಾತ್ರಿಯ ತೀರ್ಪನ್ನು ಅವು ಒಂದು ಕಾಲದ ತೀರ್ಪನ್ನಾಗಿ ಮಾಡಿದುವು.

ಎಣಿಕೆಯ ಯುಗ

ಗೀತೆಗಳನ್ನು ಸಂಖ್ಯೆಯ ಮೂಲಕ ಏಣಿ ಹತ್ತಿಸುವ ಪದ್ಧತಿ ಭಾರತದ ಕೇಳುಗರಿಗೆ ಪರಿಚಯವಾದದ್ದು 1952ರಲ್ಲಿ ರೇಡಿಯೋ ಸಿಲೋನ್ ಆರಂಭಿಸಿದ ‘ಬಿನಾಕಾ ಗೀತಮಾಲಾ’ದಿಂದ. ಅಮೀನ್ ಸಯಾನಿ ಅವರು ನಿರೂಪಿಸಿದ ಆ ಕಾರ್ಯಕ್ರಮದಲ್ಲಿ ಹಿಂದಿ ಚಿತ್ರಗೀತೆಗಳ ಸ್ಥಾನವನ್ನು ಗೊತ್ತುಮಾಡುವಾಗ ಧ್ವನಿಮುದ್ರಿಕೆಗಳ ಮಾರಾಟವನ್ನೂ ಶ್ರೋತೃಸಂಘಗಳ ಅಭಿಪ್ರಾಯವನ್ನೂ ಗಣನೆಗೆ ತೆಗೆದುಕೊಳ್ಳಲಾಗುತ್ತಿತ್ತು. ಚಿತ್ರಗೀತೆಗಳನ್ನು ಆಕಾಶವಾಣಿ ದೂರವಿಟ್ಟಿದ್ದ ಕಾಲವದು. ಕೇಳುಗರು ಅನ್ಯದೇಶದ ನಿಲಯದತ್ತ ಹೊರಳಿದ ಮೇಲೆ, 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಆರಂಭವಾಯಿತು. ಕೇಳುಗರ ಒಲವು ಸರ್ಕಾರದ ಧೋರಣೆಯನ್ನೇ ಬದಲಿಸಿದ ಅಪರೂಪದ ಸಂದರ್ಭವಿದು.

ಶಿವಮೊಗ್ಗ ಜಿಲ್ಲೆಗೆ ತನ್ನದೇ ನಿಲಯ ದೊರೆತದ್ದು 1965ರಲ್ಲಿ, ಭದ್ರಾವತಿ ಆಕಾಶವಾಣಿಯ ರೂಪದಲ್ಲಿ. ಕೋರಿಕೆಯ ಕಾರ್ಯಕ್ರಮಗಳಲ್ಲಿ ಹಾಡಿಗಿಂತ ಮೊದಲು ಅದನ್ನು ಬಯಸಿದವರ ಹೆಸರೂ ಊರೂ ಬಿತ್ತರವಾಗುತ್ತಿದ್ದುವು. ಅಂಚೆಕಾರ್ಡೇ ಇಲ್ಲಿ ಮತಪತ್ರ. ಆದರೆ ಈ ಮತಕ್ಕೆ ಎರಡು ಮಿತಿಗಳಿದ್ದುವು. ಅಕ್ಷರ ಬಲ್ಲವರಷ್ಟೇ ಕಾರ್ಡು ಬರೆಯಬಲ್ಲರು. ನಿಲಯದ ಬಳಿ ಮುದ್ರಿಕೆಯಿದ್ದ ಹಾಡನ್ನಷ್ಟೇ ಕೋರಬಹುದು. ಅಂಟಿಗೆ-ಪಂಟಿಗೆಯ ಪದಕ್ಕಾಗಲಿ, ನಾಟಿಗದ್ದೆಯ ಹಾಡಿಗಾಗಲಿ ಅಲ್ಲಿ ಸ್ಪರ್ಧಿಸುವ ಅವಕಾಶ ಸುಲಭವಾಗಿರಲಿಲ್ಲ.

ಮತ ಎಣಿಕೆಯ ಇನ್ನೊಂದು ಮಿತಿಯನ್ನು ಜಾಗತಿಕ ಮಟ್ಟದ ಪ್ರಸಂಗವೊಂದು ಸ್ಪಷ್ಟಪಡಿಸುತ್ತದೆ. 2002ರಲ್ಲಿ ಬಿಬಿಸಿ ವಿಶ್ವಸೇವೆಯು ತನ್ನ ಎಪ್ಪತ್ತನೆಯ ವರ್ಷದ ನೆಪದಲ್ಲಿ ಜಗತ್ತಿನ ಅಚ್ಚುಮೆಚ್ಚಿನ ಗೀತೆ ಯಾವುದೆಂದು ಕೇಳುಗರ ಮತ ಕೇಳಿತು. ಐರ್ಲೆಂಡಿನ ರಾಷ್ಟ್ರೀಯ ಹಂಬಲದ ಗೀತೆಯೊಂದು ಮೊದಲ ಸ್ಥಾನವನ್ನೂ ‘ವಂದೇ ಮಾತರಂ’ ಎರಡನೆಯ ಸ್ಥಾನವನ್ನೂ ಪಡೆದುವು. ನಾಡಿನ ಅಭಿಮಾನ ಕೆರಳಿಸುವ ಗೀತೆಗಳೇ ಮೇಲೇರಿದ್ದು ಆಕಸ್ಮಿಕವಲ್ಲ. ಮತ ಹಾಕಲು ಹೊರಡುವುದು ಸುಮ್ಮನೆ ಹಾಡು ಕೇಳಿ ಸಂತೋಷಪಡುವವನಲ್ಲ. ಹಾಡಿನ ಹಿಂದೆ ತನ್ನ ಸಮುದಾಯ ನಿಂತಿದೆಯೆಂದು ತಿಳಿದವನು. ಮತಗಣನೆ ತೋರಿಸುವುದು ಹಾಡಿನ ಗುಣಕ್ಕಿಂತ ಅದರ ಸುತ್ತ ಕೂಡಿದ ಜನರ ಸಂಘಟನೆಯನ್ನು.

ಸಾಗರ: ಕೇಳುಗರು ಆರಿಸಿದ ಗೀತೆ

ಕೆ.ಎಸ್. ನಿಸಾರ್ ಅಹಮದ್ (1936–2020) ದೇವನಹಳ್ಳಿಯಲ್ಲಿ ಹುಟ್ಟಿದವರು. ಭೂವಿಜ್ಞಾನದ ಅಧ್ಯಾಪಕರಾಗಿ ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಕೆಲಸ ಮಾಡಿದವರು. ಅವರ ‘ನಿತ್ಯೋತ್ಸವ’ ಕವಿತೆ ಜೋಗ, ತುಂಗೆ, ಸಹ್ಯಾದ್ರಿಗಳಿಂದ ತೊಡಗಿ, ಶಾಸನಗಳ ಮತ್ತು ಓಲೆಗರಿಗಳ ಇತಿಹಾಸವನ್ನು ಹಾಯ್ದು, ಕುಲಭೇದವೆಣಿಸದ ಜನಜೀವನದಲ್ಲಿ ನಿಲ್ಲುತ್ತದೆ. ನಿಸರ್ಗ, ಚರಿತ್ರೆ, ಜನ ಎಂಬ ಈ ಮೂರು ಮೆಟ್ಟಿಲುಗಳ ಕಟ್ಟು ಬಿಗಿಯಾದುದು. ಹೊಸನಗರ ತಾಲ್ಲೂಕಿನ ಹೊಂಬುಜದಲ್ಲಿ ಸಾಂತರ ಅರಸರ ಶಾಸನಗಳನ್ನು ಓದಿದವರಿಗೆ ಎರಡನೆಯ ಮೆಟ್ಟಿಲು ಅಲಂಕಾರದ ಮಾತಾಗಿ ತೋರುವುದಿಲ್ಲ. ಅದು ಆ ಸೀಮೆಯ ನಿಜಸ್ಥಿತಿಯೇ ಆಗಿದೆ.

1978ರಲ್ಲಿ ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ‘ನಿತ್ಯೋತ್ಸವ’ ಧ್ವನಿಸುರುಳಿ ಹೊರಬಂದಿತು. ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿಯೆಂದು ಅದು ಪ್ರಸಿದ್ಧವಾಗಿದೆ. ಇಲ್ಲಿ ಯಾವ ಸಮಿತಿಯೂ ಕೂಡಲಿಲ್ಲ, ಪ್ರಶಸ್ತಿಯ ಘೋಷಣೆಯೂ ಇರಲಿಲ್ಲ. ಕೊಂಡವರು ಮತ್ತೆ ಮತ್ತೆ ಕೇಳಿದರು, ಶಾಲೆಗಳ ಮಕ್ಕಳು ಕಲಿತರು, ರಾಜ್ಯೋತ್ಸವದ ವೇದಿಕೆಗಳು ಅದನ್ನು ತಮ್ಮದಾಗಿಸಿಕೊಂಡುವು. ಓದುಗನೊಬ್ಬನ ಕವಿತೆ ಊರ ಬಾಯಿಯ ಹಾಡಾದದ್ದು ಈ ಮಾರ್ಗದಿಂದ. 2006ರಲ್ಲಿ ಶಿವಮೊಗ್ಗದಲ್ಲಿ ಸೇರಿದ 73ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ನಿಸಾರ್ ಅಹಮದ್ ಅಧ್ಯಕ್ಷರಾದಾಗ, ಅವರನ್ನು ‘ನಿತ್ಯೋತ್ಸವದ ಕವಿ’ ಎಂದೇ ನಾಡು ಗುರುತಿಸುತ್ತಿತ್ತು.

ಈ ಬಗೆಯ ಗೆಲುವಿಗೂ ಒಂದು ಬೆಲೆಯಿದೆ. ‘ಸಂಜೆ ಐದರ ಮಳೆ’ಯ ನವ್ಯಕವಿ, ವ್ಯಂಗ್ಯವನ್ನೂ ಅನ್ಯಭಾವವನ್ನೂ ಕವಿತೆಯಲ್ಲಿ ದುಡಿಸಿಕೊಂಡ ನಿಸಾರ್, ಒಂದು ಗೀತೆಯ ಬೆಳಕಿನಲ್ಲಿ ಮರೆಯಾದರು. ಹಾಗೆಯೇ, ಜೋಗದ ಬೆಳಕನ್ನು ಹಾಡುವ ನಾಡು ಆ ಬೆಳಕಿನ ಇನ್ನೊಂದು ಮುಖವನ್ನು ಹಾಡಲಿಲ್ಲ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ಸಾಗರ, ಹೊಸನಗರ ತಾಲ್ಲೂಕುಗಳ ಹಳ್ಳಿಗಳನ್ನು ನುಂಗಿತು. ಮನೆ ಗದ್ದೆಗಳೊಡನೆ, ಆ ಹಳ್ಳಿಗಳಲ್ಲಿ ಬಾಗಿಲಿಂದ ಬಾಗಿಲಿಗೆ ಸಾಗುತ್ತಿದ್ದ ಪದಗಳ ದಾರಿಯೂ ಮುಳುಗಿತು. ಕವಿತೆಯನ್ನು ಇದಕ್ಕಾಗಿ ದೂರುವುದು ಸಲ್ಲದು. ಆದರೆ ಒಂದು ಸೀಮೆಯ ಶ್ರೇಷ್ಠಗೀತೆಯೆಂದು ಯಾವುದನ್ನಾದರೂ ಹೆಸರಿಸುವಾಗ, ಚದುರಿಹೋದವರ ಹಾಡು ಆ ಸ್ಪರ್ಧೆಗೆ ಬರಲೇ ಇಲ್ಲವೆಂಬುದನ್ನು ಚರಿತ್ರಕಾರ ನೆನಪಿಡಬೇಕು.

ಹೊಸನಗರ: ತಜ್ಞರು ಆರಿಸಿದ ಕಂಠ

ಹೊಸನಗರ ತಾಲ್ಲೂಕಿನ ನಗರ ಒಂದು ಕಾಲಕ್ಕೆ ಬಿದನೂರೆಂಬ ಹೆಸರಿನಲ್ಲಿ ಕೆಳದಿಯ ನಾಯಕರ ರಾಜಧಾನಿಯಾಗಿತ್ತು. 1763ರಲ್ಲಿ ಹೈದರಾಲಿಯ ವಶವಾಯಿತು. ಆ ಊರಿನಲ್ಲಿ 1938ರಲ್ಲಿ ಜನಿಸಿದ ಜಿ. ಸುಬ್ರಹ್ಮಣ್ಯ ಮುಂದೆ ಶಿವಮೊಗ್ಗ ಸುಬ್ಬಣ್ಣ ಎಂದು ಖ್ಯಾತರಾದರು. ವೃತ್ತಿಯಿಂದ ವಕೀಲರು, ಪ್ರವೃತ್ತಿಯಿಂದ ಸುಗಮ ಸಂಗೀತದ ಗಾಯಕರು. ಚಂದ್ರಶೇಖರ ಕಂಬಾರರು ನಿರ್ದೇಶಿಸಿದ ‘ಕಾಡುಕುದುರೆ’ ಚಿತ್ರದ ಶೀರ್ಷಿಕೆಗೀತೆಯನ್ನು ಹಾಡಿದ್ದಕ್ಕಾಗಿ ಅವರಿಗೆ 26ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಹಿನ್ನೆಲೆ ಗಾಯಕ ಪ್ರಶಸ್ತಿ ಬಂದಿತು. ಹಿನ್ನೆಲೆ ಗಾಯನಕ್ಕೆ ಈ ಗೌರವ ಪಡೆದ ಮೊದಲ ಕನ್ನಡಿಗ ಅವರು. ಅದಕ್ಕೂ ಮುಂಚೆ ‘ಹಂಸಗೀತೆ’ಯ ಗಾಯನಕ್ಕಾಗಿ ಎಂ. ಬಾಲಮುರಳಿಕೃಷ್ಣ ಅವರಿಗೆ ಈ ಪ್ರಶಸ್ತಿ ದೊರೆತಿತ್ತು. ಗೀತೆ ಕನ್ನಡ ಚಿತ್ರದ್ದಾದರೂ ಗಾಯಕರು ಆಂಧ್ರ ಮೂಲದವರು.

ಈ ಆಯ್ಕೆಯ ಸ್ವರೂಪವನ್ನು ಗಮನಿಸಬೇಕು. ರಾಷ್ಟ್ರಪ್ರಶಸ್ತಿಯ ವ್ಯವಸ್ಥೆ ಗೀತರಚನೆ, ಸಂಗೀತ ನಿರ್ದೇಶನ, ಗಾಯನಗಳನ್ನು ಬೇರೆ ಬೇರೆ ವಿಭಾಗಗಳಾಗಿ ಒಡೆಯುತ್ತದೆ. ಅಂದು ಮನ್ನಣೆ ಸಂದದ್ದು ಕಂಠಕ್ಕೆ. ಕಂಬಾರರ ಆ ಪದ ಉತ್ತರ ಕರ್ನಾಟಕದ ಜನಪದ ಲಯದಲ್ಲಿ ಬೇರೂರಿದ್ದು. ಅದನ್ನು ಮಲೆನಾಡಿನ ಕಂಠ ಹಾಡಿತು. ಅಲ್ಲಿ ಬೇರೆ ಪ್ರಾಂತದ ಜಾನಪದದ ಬಿರುಸು ಕಂಠದ ಏರಿನಲ್ಲಿ ಮೂಡಬೇಕಾಗಿತ್ತು, ಮಾತು ಮಸುಕಾಗಲೂಬಾರದಾಗಿತ್ತು. ಕನ್ನಡ ತಿಳಿದವರಷ್ಟೇ ಇಲ್ಲದ ಮಂಡಳಿಗೆ ಪದದ ಅರ್ಥಕ್ಕಿಂತ ಮೊದಲು ಮುಟ್ಟುವುದು ಕಂಠದ ಶಕ್ತಿಯೇ. ತಜ್ಞರ ತೀರ್ಪಿನ ಬಲವೂ ಮಿತಿಯೂ ಇದೇ: ಅದು ಭಾಷೆಯ ಎಲ್ಲೆಯನ್ನು ದಾಟಬಲ್ಲದು, ಆದರೆ ದಾಟುವಾಗ ಹಾಡಿನ ಅರ್ಧ ಭಾಗವನ್ನು ಎಲ್ಲೆಯ ಈಚೆಗೆ ಬಿಡುತ್ತದೆ. 2022ರ ಆಗಸ್ಟ್ 11ರಂದು ಸುಬ್ಬಣ್ಣ ನಿಧನರಾದಾಗ ನಾಡಿನ ನೆನಪಿಗೆ ಬಂದದ್ದು ಆ ಪ್ರಶಸ್ತಿಯೊಂದೇ ಅಲ್ಲ. ಕುವೆಂಪು ಮೊದಲಾದವರ ಕವಿತೆಗಳನ್ನು ಅವರು ಅಕ್ಷರ ಸ್ಪಷ್ಟವಾಗಿ ಹಾಡಿದ ಬಗೆ. ಮಂಡಳಿಯು ಅಳೆಯದೆ ಬಿಟ್ಟ ಅಂಗವನ್ನು ಕನ್ನಡದ ಕೇಳುಗರು ಅಳೆದಿದ್ದರು.

ತೀರ್ಥಹಳ್ಳಿ: ಸರ್ಕಾರ ಆರಿಸಿದ ಪಠ್ಯ

ಮೂರನೆಯ ಪ್ರಸಂಗ ಹೆಚ್ಚು ತೊಡಕಿನದು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಹಾಡಿದ ಹುಯಿಲಗೋಳ ನಾರಾಯಣರಾಯರ ಗೀತೆ ಏಕೀಕರಣ ಚಳವಳಿಯ ಉದ್ದಕ್ಕೂ ನಾಡಿನ ಹಾಡಾಗಿತ್ತು. ಅದು ಉದಯವನ್ನು ಹಾರೈಸುವ ಗೀತೆ. ಹಾರೈಸಿದ್ದು ಕೈಗೂಡಿದ ಮೇಲೆ ಬೇರೊಂದು ಗೀತೆಗೆ ಎಡೆಯಾಯಿತು. 2004ರ ಜನವರಿಯಲ್ಲಿ ಕುವೆಂಪು ಅವರ ‘ಜಯ ಹೇ ಕರ್ನಾಟಕ ಮಾತೆ’ಯನ್ನು ಸರ್ಕಾರ ನಾಡಗೀತೆಯೆಂದು ಘೋಷಿಸಿತು. ಕವಿ ಕಾಲವಾಗಿ ಆಗಲೇ ಒಂಬತ್ತು ವರ್ಷ ಕಳೆದಿತ್ತು.

ಆ ಕವಿತೆಯೇ ಒಂದು ಆಯ್ಕೆಪಟ್ಟಿಯಾಗಿದೆ ಎಂಬುದು ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿ. ಆಚಾರ್ಯರು, ಅರಸರು, ಶಿಲ್ಪಿಗಳು, ನದಿಗಳು, ಕವಿಗಳು ಅದರಲ್ಲಿ ಹೆಸರುಗೊಂಡು ಬರುತ್ತಾರೆ. ಪಂಪ, ಪೊನ್ನ, ರನ್ನ, ಜನ್ನ ಎಂಬ ನಾಲ್ವರು ಜೈನಕವಿಗಳು ಷಡಕ್ಷರಿ, ಲಕ್ಷ್ಮೀಶರೊಡನೆ ಅಲ್ಲಿದ್ದಾರೆ. ಶರಾವತಿಯೂ ತುಂಗೆಯೂ ಇವೆ. ಹಾಡುಗಬ್ಬದ ದೊಡ್ಡ ಕವಿ ರತ್ನಾಕರವರ್ಣಿ ಮಾತ್ರ ಇಲ್ಲ. ಪದ್ಯದ ಪಾದಕ್ಕೆ ಹಿಡಿಸುವಷ್ಟೇ ಹೆಸರುಗಳನ್ನು ಕವಿ ತರಬಲ್ಲನಾದ್ದರಿಂದ ಇದನ್ನು ಲೋಪವೆನ್ನಲಾಗದು. ಆದರೆ ಭಾವಗೀತೆಯಲ್ಲಿ ಲಯಕ್ಕಾಗಿ ಬಂದ ಹೆಸರುಗಳು, ಸರ್ಕಾರದ ಆದೇಶದಿಂದ ನಾಡಗೀತೆಯಾದಾಗ, ಅಧಿಕೃತ ಪಟ್ಟಿಯ ಭಾರವನ್ನು ಹೊರಬೇಕಾಗುತ್ತದೆ. ಕವಿ ಕೊಡದ ತೀರ್ಪನ್ನು ಆದೇಶ ಅವನ ಬಾಯಲ್ಲಿ ನುಡಿಸುತ್ತದೆ.

ಪಠ್ಯ ಗೊತ್ತಾದರೂ ಧಾಟಿಯ ವಿವಾದ ಉಳಿಯಿತು. ಮೈಸೂರು ಅನಂತಸ್ವಾಮಿಯವರ ಧಾಟಿ, ಸಿ. ಅಶ್ವಥ್ ಅವರ ಧಾಟಿ ಎರಡೂ ಜನರ ಕಿವಿಯಲ್ಲಿದ್ದುವು. ಸಮಿತಿಗಳ ಒಲವೂ ಒಂದೇ ಕಡೆಗಿರಲಿಲ್ಲ. ಕಡೆಗೆ ಗಾಯಕಿ ಎಚ್.ಆರ್. ಲೀಲಾವತಿ ಅವರ ಅಧ್ಯಕ್ಷತೆಯ ಸಮಿತಿಯ ಶಿಫಾರಸಿನ ಮೇಲೆ, 2022ರ ಸೆಪ್ಟೆಂಬರಿನಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯನ್ನು ಅಂಗೀಕರಿಸಿ, ಆಲಾಪವೂ ಪುನರಾವರ್ತನೆಯೂ ಇಲ್ಲದೆ 2 ನಿಮಿಷ 30 ಸೆಕೆಂಡುಗಳಲ್ಲಿ ಹಾಡಬೇಕೆಂದು ಆದೇಶಿಸಿತು. ಗಾಯಕ ಕಿಕ್ಕೇರಿ ಕೃಷ್ಣಮೂರ್ತಿ ಇದನ್ನು ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿದರು. ಇಂಥ ಆದೇಶ ಹೊರಡಿಸುವ ಅಧಿಕಾರ ಸರ್ಕಾರಕ್ಕಿದೆಯೆಂದು ಹೇಳಿ, 2024ರ ಏಪ್ರಿಲ್‌ನಲ್ಲಿ ನ್ಯಾಯಾಲಯ ಅರ್ಜಿಯನ್ನು ವಜಾಗೊಳಿಸಿತು.

ನ್ಯಾಯಾಲಯ ನಿರ್ಣಯಿಸಿದ್ದು ಅಧಿಕಾರದ ಪ್ರಶ್ನೆಯನ್ನು. ಎರಡು ಧಾಟಿಗಳಲ್ಲಿ ಯಾವುದು ಮಿಗಿಲು ಎಂಬುದನ್ನಲ್ಲ. ಸರ್ಕಾರ ನೋಡಿದ್ದು ಉಪಯೋಗವನ್ನು: ಶಾಲೆಯ ಮಕ್ಕಳು ನಿಂತು ಹಾಡಬಲ್ಲಷ್ಟು ಚಿಕ್ಕದೂ ಎಲ್ಲೆಡೆ ಒಂದೇ ರೀತಿಯದೂ ಆಗಿರಬೇಕೆಂಬುದನ್ನು. ಎರಡೂ ನ್ಯಾಯವಾದ ಗುರಿಗಳೇ. ಆದರೂ ಸುಗಮ ಸಂಗೀತದ ಜೀವ ಆಲಾಪ ಮತ್ತು ಪುನರಾವರ್ತನೆಗಳಲ್ಲಿದೆ. ಒಂದು ಸಾಲಿಗೆ ಮತ್ತೆ ಹೊರಳಿ ಬಂದಾಗಲೇ ಅರ್ಥದ ಹೊಸ ಪದರ ತೆರೆಯುತ್ತದೆ. ಕವಿಯ ಪಠ್ಯ ಇಡಿಯಾಗಿ ಉಳಿಯಲೆಂದು ಗಾಯಕನ ಸ್ವಾತಂತ್ರ್ಯವನ್ನು ಮೊಟಕುಗೊಳಿಸಬೇಕಾಯಿತು. ಹೀಗೆ ನಾಡಗೀತೆಯಾಗಿ ಗೆದ್ದ ಕವಿತೆ, ಭಾವಗೀತೆಯಾಗಿ ತನ್ನದೊಂದು ಅಂಶವನ್ನು ಬಿಟ್ಟುಕೊಟ್ಟಿತು. ಅಶ್ವಥ್ ಧಾಟಿಯನ್ನು ಸಂಗೀತಪ್ರಿಯರು ಕಛೇರಿಗಳಲ್ಲಿ ಕೇಳಬಹುದು. ಆದರೆ ಪ್ರತಿದಿನ ಶಾಲೆಯಲ್ಲಿ ಒಂದೇ ಧಾಟಿಯನ್ನು ಹಾಡುವ ಮಗುವಿಗೆ ಇನ್ನೊಂದು ಇತ್ತೆಂಬುದು ತಿಳಿಯಲಾರದು.

ಚರಿತ್ರಕಾರನ ಕೆಲಸ

ಮೂರು ಗೀತೆಗಳನ್ನು ಒಟ್ಟಿಗಿಟ್ಟು ನೋಡಿದಾಗ, ಯಾವುದು ಮೇಲು ಎಂಬ ಪ್ರಶ್ನೆ ತನ್ನಷ್ಟಕ್ಕೆ ಬಿಡಿಸಿಕೊಳ್ಳುತ್ತದೆ. ‘ನಿತ್ಯೋತ್ಸವ’ದಲ್ಲಿ ಗೆದ್ದದ್ದು ಕವಿತೆ ಮತ್ತು ಧಾಟಿಗಳ ಹೊಂದಾಣಿಕೆ, ಅದನ್ನು ಮನೆಮನೆಗೆ ಒಯ್ದದ್ದು ಧ್ವನಿಸುರುಳಿಯೆಂಬ ಹೊಸ ಮಾಧ್ಯಮ. ‘ಕಾಡುಕುದುರೆ’ಯಲ್ಲಿ ಗೆದ್ದದ್ದು ಕಂಠ. ನಾಡಗೀತೆಯಲ್ಲಿ 2004ರಲ್ಲಿ ಪಠ್ಯ ಗೆದ್ದಿತು, 2022ರಲ್ಲಿ ಧಾಟಿ ಗೆದ್ದಿತು. ಇವುಗಳನ್ನು ಒಂದೇ ಏಣಿಯ ಮೆಟ್ಟಿಲುಗಳ ಮೇಲೆ ನಿಲ್ಲಿಸುವುದೆಂದರೆ ಅಕ್ಕಿಯನ್ನು ಮಾರಿನಲ್ಲಿಯೂ ಬಟ್ಟೆಯನ್ನು ಸೇರಿನಲ್ಲಿಯೂ ಅಳೆದಂತೆ.

ಆದಕಾರಣ ಜನಪ್ರಿಯ ಗೀತೆಗಳ ಬಗ್ಗೆ ಸಂಶೋಧನೆ ಕೈಗೊಳ್ಳುವವರು ಗೀತೆಯ ಹೆಸರಿನೊಡನೆ ನಾಲ್ಕು ಸಂಗತಿಗಳನ್ನು ದಾಖಲಿಸುವುದು ಅಗತ್ಯ: ಆರಿಸಿದವರು ಯಾರು, ಅವರ ಮುಂದೆ ಯಾವ ಯಾವ ಗೀತೆಗಳಿದ್ದುವು, ಹಾಡಿನ ಯಾವ ಅಂಗ ಅಳತೆಗೆ ಒಳಗಾಯಿತು, ಆಯ್ಕೆಯ ನಂತರ ಯಾವ ಧಾಟಿ ಅಥವಾ ಪಾಠ ಮರೆಗೆ ಸರಿಯಿತು. ಕೊನೆಯ ಪ್ರಶ್ನೆ ಎಲ್ಲಕ್ಕಿಂತ ತುರ್ತಿನದು. ಅಂಗೀಕೃತವಾದ ಧಾಟಿಗೆ ಆದೇಶದ ಪ್ರತಿಯಿದೆ. ಪ್ರಶಸ್ತಿ ಪಡೆದ ಕಂಠಕ್ಕೆ ಮುದ್ರಿಕೆಯಿದೆ. ಬಾಗಿಲು ತೆಗೆಯುವ ಪದಕ್ಕೆ ಅದನ್ನು ಹಾಡಬಲ್ಲ ಕೆಲವು ಹಿರಿಯರ ನೆನಪೇ ಆಧಾರ. ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಕ್ಷೇತ್ರಕಾರ್ಯಕ್ಕೆ ಹೊರಡುವ ವಿದ್ಯಾರ್ಥಿಯು ದೀಪಾವಳಿಯ ರಾತ್ರಿ ಧ್ವನಿಮುದ್ರಣದ ಸಾಧನದೊಡನೆ ಆ ತಂಡಗಳ ಹಿಂದೆ ನಡೆದರೆ, ಮತಕ್ಕೆ ಎಂದೂ ನಿಲ್ಲದ ಆ ಪದಗಳಿಗೂ ಚರಿತ್ರೆಯಲ್ಲಿ ಒಂದು ಪುಟ ದೊರೆತೀತು.